ಪಡಸಾಲೆಯೊಳಗಿನ ದಾರಿ

ಕನಕಗಿರಿಯ ಸಂತೆ ಹೊಸ ಬಯಲಿಗೆ ಹೋದದ್ದೇ ತಡ, ಮೊಬೈಲಿನ ನಕಾಶೆ ಅಲ್ಲಿಗೊಂದು ಒಳದಾರಿ ಹುಡುಕಿತು. ಅದು ದೇವೇಂದ್ರಪ್ಪನ ಮುಂಬಾಗಿಲಿನಿಂದ ಹೊಕ್ಕು, ಪಡಸಾಲೆ ದಾಟಿ, ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿತ್ತು.

ಸಂತೆಯ ದಿನ ಬೆಳಿಗ್ಗೆ ದೇವೇಂದ್ರಪ್ಪ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಬೋಳಿಸುತ್ತ ಕೂತಿದ್ದ. ಚೀಲ ಹೊತ್ತವನೊಬ್ಬ ಫೋನಿನಿಂದ ಕಣ್ಣೆತ್ತದೆ ಒಳಗೆ ಬಂದ.

"ಯಾರ್ರಿ ನೀವು?"

"ಸಂತಿಗೆ ಹೊಂಟೀನ್ರಿ. ನೇರ ಹೋಗು ಅಂತೈತಿ."

"ಇದು ನನ್ನ ಮನಿ."

ಆತ ಗೋಡೆ ನೋಡಿದ, ಫೋನು ನೋಡಿದ, ಕೊನೆಗೆ ಫೋನನ್ನೇ ನಂಬಿದ. "ಇದರಾಗ ಮನಿ ಇಲ್ಲಲ್ರಿ," ಎಂದು ಹಿತ್ತಲಿಗೆ ನಡೆದ.

ಅಪ್ಪ ಕಟ್ಟಿಸಿದ ಮನೆ ಇಲ್ಲವಂತೆ. ದೇವೇಂದ್ರಪ್ಪನ ಮೈ ಉರಿಯಿತು. ಅಷ್ಟರಲ್ಲಿ ಕೋಳಿಬುಟ್ಟಿಯ ಹೆಂಗಸರು ಬಂದರು, ಅವರ ಹಿಂದೆ ಆಡು ಎಳೆದುಕೊಂಡು ಇನ್ನೊಬ್ಬ. ಆಡು ದೇವರ ಮುಂದಿನ ಹೂವನ್ನು ಪ್ರಸಾದದಂತೆ ತಿಂದಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ವಿರೂಪಾಕ್ಷಮ್ಮ ಎಲ್ಲರಿಗೂ ನೀರು ಕೊಟ್ಟಳು. ಅದಕ್ಕೆ ಅವನ ಸಿಟ್ಟು ಇನ್ನೂ ಏರಿತು.

ಎದ್ದು ಬಾಗಿಲಿಗೆ ಅಗಳಿ ಜಡಿದ. ಹೊರಗೆ ಮಂದಿ ಸೇರಿತು.

"ದಾರಿ ಬಂದ್ ಮಾಡಾಕ ಇವ್ರಿಗೇನು ಹಕ್ಕೈತ್ರಿ?" ಎಂದ ಒಬ್ಬ ಮುದುಕ.

ಪಕ್ಕದ ಮನೆಯ ಹುಲಿಗವ್ವನೂ ಅವರ ಕಡೆಯೇ. "ಪಾಪ, ಬಿಸಲಾಗ ನಿಂತಾರ. ಬಾಗಲಾ ತಗೀರಿ, ಅಣ್ಣಾರ."

ಅರ್ಧ ಬೋಳಿಸಿದ ಮುಖದಲ್ಲೇ ದೇವೇಂದ್ರಪ್ಪ ಹಿತ್ತಲಿನಿಂದ ಹೊರಟು ಜಾವೇದನ ಮೊಬೈಲ್ ಅಂಗಡಿಗೆ ಹೋದ.

"ಆ ದಾರಿ ಅಳಿಸಿಬಿಡು."

"ಅದಕ್ಕ ಭಾಳ ದಿನ ಹಿಡೀತೈತಿ, ಕಾಕಾ. ಅಲ್ಲೊಂದು ಜಾಗಾ ಐತಂತ ತೋರಿಸಿದ್ರ ಮಂದಿ ನುಗ್ಗಂಗಿಲ್ಲ. ಎಂಥಾ ಜಾಗಾ ಅಂತ ಕೇಳ್ತೈತಿ, ಏನು ಬರೀಲಿ?"

"ಮನುಷ್ಯಾರು ಉಣ್ಣೂ ಜಾಗಾ, ಮಲಗೂ ಜಾಗಾ ಅಂತ ಬರಿ. ತಿಳೀಲಿ ಅವ್ರಿಗೆ."

ಜಾವೇದ ತಲೆಯಾಡಿಸಿ ಏನೋ ಒತ್ತಿದ.

ಮಧ್ಯಾಹ್ನದ ನಂತರ ಅಗಳಿ ತೆಗೆದರೂ ಒಬ್ಬನೂ ಒಳಗೆ ನುಗ್ಗಲಿಲ್ಲ. ದೇವೇಂದ್ರಪ್ಪ ಉಳಿದರ್ಧ ಗಡ್ಡ ಬೋಳಿಸಿ, ಗೆದ್ದ ಪೈಲ್ವಾನನಂತೆ ಕೂತು ಚಾ ಕುಡಿದ.

ಸಂಜೆ ಒಂದು ಸಂಸಾರ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಡಸಾಲೆಯಲ್ಲಿ ಗಂಟುಮೂಟೆ ಇಳಿಸಿತು.

"ಇದು ದಾರಿ ಅಲ್ರಿ," ಎಂದ ದೇವೇಂದ್ರಪ್ಪ.

"ಗೊತ್ತೈತ್ರಿ," ಎಂದ ಆ ಸಂಸಾರದ ಯಜಮಾನ, ಫೋನು ಮುಂದೆ ಹಿಡಿದು. "ದೇವೇಂದ್ರಪ್ಪ ಲಾಡ್ಜು, ಊಟ ಮತ್ತ ವಸತಿ. ಹೆಸರು ನೋಡೇ ಬಂದೀವಿ."

ದೇವೇಂದ್ರಪ್ಪ ಫೋನು ಇಸಕೊಂಡು ಮತ್ತೊಮ್ಮೆ ಓದಿದ. ಒಳಗಿನಿಂದ ವಿರೂಪಾಕ್ಷಮ್ಮ ಇಣುಕಿ ನೋಡಿದಳು.

"ಹೆಣ್ಮಕ್ಕಳು ಅದಾರ್ರಿ ಪಾಪ," ಎಂದಳು ಗಂಡನಿಗೆ. "ನೀವು ಇವತ್ತ ಹೊರಗ ಕಟ್ಟಿ ಮ್ಯಾಲ ಮಲಕೊಳ್ರಿ."