ಮನಿ ಪ್ಲಾಂಟಿಗೆ ಗಂಜಿ

ಗಿಡ ಸಾಯುವುದು ಆರೈಕೆಯಿಲ್ಲದೆ ಎಂದು ಜನ ತಿಳಿದಿದ್ದಾರೆ. ಅರವತ್ತೆಂಟು ದಾಟಿದ ಮೇಲೆ ನಾನು ಒಂದು ಗಿಡವನ್ನು ಆರೈಕೆ ಮಾಡಿಯೇ ಕೊಂದೆ. ಕೊಂದದ್ದನ್ನು ಹೇಳಿಕೊಳ್ಳಲು ನನಗೆ ಅಷ್ಟೇನೂ ನಾಚಿಕೆಯಿಲ್ಲ. ಕೊಂದ ಮೇಲೆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಕೂತೆನಲ್ಲ, ಆ ಅಪರಾಧವನ್ನು ಇನ್ನೊಬ್ಬರ ತಲೆಯ ಮೇಲೆ ಹಾಯಾಗಿ ಕೂರಲು ಬಿಟ್ಟೆನಲ್ಲ, ಅದನ್ನು ಹೇಳಿ ಹಗುರಾಗಬೇಕೆಂದು ಈಗ ಕಾಗದ ಹಿಡಿದಿದ್ದೇನೆ.

ನಮ್ಮದು ತಮಿಳುನಾಡಿನ ಅವಿನಾಶಿ ಕಡೆಯ, ಮನೆಯೊಳಗೆ ಕನ್ನಡ ಮಾತಾಡುವ ನೇಕಾರರ ಬೀದಿ. ಸುತ್ತಮುತ್ತ ಪವರ್‌ಲೂಮ್ ಬಂದು ಗೋಡೆಗಳೇ ನಡುಗುತ್ತಿದ್ದರೂ ನಮ್ಮ ಮನೆಯಲ್ಲಿ ಇನ್ನೂ ಎರಡು ಕೈಮಗ್ಗಗಳಿವೆ. ಒಂದರಲ್ಲಿ ಮಗ ಕೂರುತ್ತಾನೆ, ಇನ್ನೊಂದರಲ್ಲಿ ಸೊಸೆ ಸರಸು. ಮೊಣಕಾಲು ಕೈಕೊಟ್ಟ ಮೇಲೆ ನನಗೆ ಉಳಿದಿರುವ ಅಧಿಕಾರ ಒಂದೇ, ಗಂಜಿ ಕಾಯಿಸುವುದು. ನೂಲಿಗೆ ಗಂಜಿ ಕುಡಿಸದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ, ಪಟಪಟನೆ ಕಡಿಯುತ್ತದೆ. ಗಂಜಿ ಕುಡಿದ ಎಳೆ ಬಿಸಿಲಿನಲ್ಲಿ ಒಣಗಿ ತಂತಿಯ ಹಾಗೆ ನಿಲ್ಲುತ್ತದೆ. ಐವತ್ತು ವರ್ಷ ಈ ಮಹಿಮೆಯನ್ನು ಕಣ್ಣಾರೆ ನೋಡಿದವನಿಗೆ ಲೋಕದಲ್ಲಿ ಏನು ಸೊರಗಿದ್ದರೂ ಗಂಜಿ ಸಾಲದೆಂದೇ ತೋರುತ್ತದೆ. ಮಗನಿಗೆ ಜ್ವರ ಬಂದಾಗ ಗಂಜಿ, ಹಸು ಈದಾಗ ಗಂಜಿ, ಗೋಡೆಗೆ ಕ್ಯಾಲೆಂಡರ್ ಅಂಟಿಸಬೇಕಾದಾಗಲೂ ಗಂಜಿ. ನನ್ನ ವೈದ್ಯಶಾಸ್ತ್ರ ಅಷ್ಟೇ.

ಸರಸು ಪೋತ್ತನೂರಿನವಳು. ಅವಳ ಅಪ್ಪನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಹೆಣ್ಣು ನೋಡಲು ಹೋದಾಗ ಆ ಕ್ವಾರ್ಟರ್ಸಿನಲ್ಲಿ ನನಗೆ ಹೆಣ್ಣಿಗಿಂತ ಮೊದಲು ಕಂಡದ್ದು ಮನಿ ಪ್ಲಾಂಟ್. ಕಿಟಕಿಯ ಸರಳು ಹಿಡಿದು ಹತ್ತಿ, ಗಡಿಯಾರವನ್ನು ಸುತ್ತಿ, ದೇವರ ಪಟದವರೆಗೂ ಹೋಗಿತ್ತು. ಮದುವೆಯಾಗಿ ಬರುವಾಗ ಅವಳು ಅದರ ಒಂದು ತುಂಡನ್ನು ಬಾಟಲಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಂದಳು. ಆ ಕಾಲಕ್ಕೆ ಬೀದಿಯಲ್ಲಿ ಟಿ.ವಿ. ಬಂದ ಎರಡು ಮನೆಗಳಲ್ಲೂ ಟಿ.ವಿ.ಯ ನೆತ್ತಿಯ ಮೇಲೆ ಒಂದೊಂದು ಮನಿ ಪ್ಲಾಂಟ್ ಇತ್ತು. ನಮಗೆ ಟಿ.ವಿ. ಇಲ್ಲದಿದ್ದರೂ ಅದರ ಮೇಲಿನ ಗಿಡವಾದರೂ ಬಂತಲ್ಲ ಎಂದು ನನ್ನ ಹೆಂಡತಿ ನಂಜಮ್ಮನಿಗೆ ಹಿಗ್ಗು. "ಸೊಸೆ ಜೊತೇಲಿ ಲಕ್ಷ್ಮಿ ಬಂದವಳೆ" ಎಂದು ಬೀದಿಗೆಲ್ಲ ಸಾರಿದಳು. ಅಷ್ಟೇ ಅಲ್ಲ, ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸಾಲು, ಏರಿಸುವಾಗ ಮೊದಲ ಎಳೆಯನ್ನು ಹಳೆಯ ಹಾಸಿನ ತುದಿಗೆ ಕೂಡಿಸುವ ಹಕ್ಕನ್ನು ಸರಸುವಿಗೆ ಬಿಟ್ಟುಕೊಟ್ಟಳು. ನಮ್ಮಲ್ಲಿ ಆ ಮೊದಲ ಎಳೆ ಕೈರಾಶಿ ಇರುವವರದು. ಆ ಕೈ ಒಳ್ಳೆಯದಾದರೆ ಇಡೀ ಹಾಸು ಕಡಿಯದೆ ಮುಗಿಯುತ್ತದೆಂದು ನಂಬಿಕೆ. ನಂಜಮ್ಮ ಅದನ್ನು ಮೂವತ್ತು ವರ್ಷ ಯಾರಿಗೂ ಬಿಟ್ಟವಳಲ್ಲ.

ಬಳ್ಳಿ ಬಾಟಲಿಯಿಂದ ಕುಂಡಕ್ಕೆ ಬಂತು, ಕಿಟಕಿ ಹತ್ತಿತು. ಒಂದು ದಿನ ಬುಡದ ಎಲೆಯೊಂದು ಹಳದಿಯಾಯಿತು. ಹಳೆಯ ಎಲೆ ಹಣ್ಣಾಗುವುದು ಸಹಜ. ನನ್ನ ತಲೆಯಲ್ಲೇ ಒಂದು ಕಪ್ಪು ಕೂದಲಿಲ್ಲ, ಯಾರೂ ಗಾಬರಿಯಾಗಲಿಲ್ಲ. ಆದರೆ ನನಗೆ ಗಿಡ ಸೊರಗಿದಂತೆ ಕಂಡಿತು. ಮಧ್ಯಾಹ್ನ ಹೆಂಗಸರು ಒರಗಿಕೊಂಡ ಹೊತ್ತಿನಲ್ಲಿ, ಮಿಕ್ಕ ಗಂಜಿಯನ್ನು ಆರಿಸಿ ಒಂದು ಚೊಂಬು ಬುಡಕ್ಕೆ ಹೊಯ್ದೆ. ಮರುವಾರ ಮೂರು ಎಲೆ ಹಳದಿಯಾದವು. ಡೋಸು ಸಾಲದು ಎಂದುಕೊಂಡು ಎರಡು ಚೊಂಬು ಹೊಯ್ದೆ. ನಾನು ಹೊಯ್ಯುವುದು ಸರಸುವಿಗೆ ಗೊತ್ತಿಲ್ಲ. ಅವಳು ತನ್ನ ಲೆಕ್ಕದ ನೀರನ್ನು ಬೇರೆ ಹಾಕುತ್ತಿದ್ದಳು. ಕುಂಡದ ಸುತ್ತ ಸಣ್ಣ ಸಣ್ಣ ನೊಣ ಎದ್ದವು, ಹುಳಿ ವಾಸನೆ ಬಂತು. ಕಡೆಗೆ ಕಾಂಡ ಬೆಂದ ಸೊಪ್ಪಿನ ಹಾಗೆ ಮೆತ್ತಗಾಗಿ ಕುಂಡದ ಅಂಚಿನ ಮೇಲೆ ಮಲಗಿಬಿಟ್ಟಿತು. ಎಳೆಗೆ ಹಾಕಿದ ಗಂಜಿಯನ್ನು ನಾವು ಬಿಸಿಲಿಗೆ ಹಿಡಿದು ಒಣಗಿಸುತ್ತೇವೆ, ಮಣ್ಣಿನೊಳಗಿನ ಬೇರನ್ನು ಒಣಗಿಸುವವರು ಯಾರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಆಗಲೇ.

ನಂಜಮ್ಮ ಸೊಂಟದ ಮೇಲೆ ಕೈಯಿಟ್ಟು ಕುಂಡದ ಮುಂದೆ ನಿಂತಳು. ನಮ್ಮ ಕನ್ನಡಕ್ಕೆ ತಮಿಳು ಬೆರೆತಿದೆ, ಗಿಡ ಅವಳ ಬಾಯಲ್ಲಿ ಸೆಡಿ. "ಅಪ್ಪನ ಮನೇಲಿ ಗಡಿಯಾರ ಸುತ್ತಿದ ಸೆಡಿ ನಮ್ಮನೇಲಿ ಕೊಳ್ತು ಹೋತು ಅಂದ್ರೆ ಏನಮ್ಮ ಅರ್ಥ? ನಿನ್ನ ಕೈರಾಶಿ ಸರಿ ಇಲ್ಲ."

"ನೀರು ಜಾಸ್ತಿ ಆಯ್ತೋ ಏನೋ ಅತ್ತೆ" ಎಂದಳು ಸರಸು.

"ನೀರು ಹಾಕಿದ್ದು ಯಾರ ಕೈ?"

ನಾನು ಅಲ್ಲೇ ಜಗುಲಿಯ ಮೇಲೆ ಪತ್ರಿಕೆ ಓದುತ್ತಿದ್ದೆ. ಬಾಯಿ ತೆರೆಯಬಹುದಿತ್ತು. ಪುಟ ತಿರುಗಿಸಿದೆ.

ಅದಾದ ಮೇಲೆ ಎರಡು ಹಾಸು ಏರಿದವು. ಮೊದಲ ಎಳೆಗೆ ಎದುರುಮನೆಯ ರುಕ್ಮಿಣಿಯನ್ನು ಕರೆಸಿದರು. ಸರಸು ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ಪಕ್ಕದಲ್ಲಿ ನಿಂತಳು, ತನ್ನದೇ ಮಗ್ಗದ ಹಾಸಿನ ಪಕ್ಕದಲ್ಲಿ, ನೆಂಟಳ ಹಾಗೆ. ಎಳೆ ಕಡಿದಾಗಲೆಲ್ಲ ನಂಜಮ್ಮ ಸರಸುವಿನ ಕೈ ನೋಡುತ್ತಿದ್ದಳು. ಆಮೇಲಾಮೇಲೆ ಸರಸುವೇ ತನ್ನ ಕೈ ನೋಡಿಕೊಳ್ಳತೊಡಗಿದಳು. ಅದನ್ನು ನೋಡಿದ ಮೇಲೆ ನನಗೆ ಗಂಜಿ ಕುಡಿಯಲೂ ಮನಸ್ಸಾಗಲಿಲ್ಲ.

ಒಂದು ಬೆಳಗ್ಗೆ ಬಚ್ಚಲ ಕಿಟಕಿಯಲ್ಲಿ, ಸೀಗೆಪುಡಿ ಡಬ್ಬದ ಮರೆಯಲ್ಲಿ, ಒಂದು ಔಷಧಿ ಬಾಟಲಿ ಕಂಡಿತು. ಅದರಲ್ಲಿ ಎರಡೆಲೆಯ ಒಂದು ಮನಿ ಪ್ಲಾಂಟ್ ತುಂಡು. ಸತ್ತ ಬಳ್ಳಿಯ ತುದಿಯಲ್ಲಿ ಕೊಳೆಯದೆ ಉಳಿದಿದ್ದ ಹಸಿರನ್ನು ಗಿಣ್ಣಿನ ಕೆಳಗೆ ಕತ್ತರಿಸಿ ಇಟ್ಟಿದ್ದಳು. ನಾನು ಇಣುಕುತ್ತಿರುವಾಗಲೇ ನೀರು ಬದಲಿಸಲು ಬಂದಳು.

"ಅತ್ತೆಗೆ ಹೇಳ್ಬೇಡಿ ಮಾವ. ಬೇರು ಬಂದ್ರೆ ನನ್ನ ಕೈ ಪರವಾಗಿಲ್ಲ. ಬರ್ಲಿಲ್ಲ ಅಂದ್ರೆ ಅತ್ತೆ ಹೇಳೋದೇ ಸರಿ."

ಬಿಸಿಲು ನೇರ ಬೀಳದ ಕಡೆ, ವಾರಕ್ಕೆರಡು ಸಲ ನೀರು ಬದಲಿಸಿ, ಪಾಚಿ ಕಟ್ಟದಂತೆ ಬಾಟಲಿ ಉಜ್ಜಿ ಅವಳು ಕಾಯುತ್ತಿದ್ದಳು. ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಳಕೆ ಮೂಡಿತ್ತು. ತೋರಿಸಿದೆ. ಅವಳು ಮೊದಲೇ ನೋಡಿದ್ದಳು. ಆದರೂ ನಂಬಿಕೆ ಬಂದಿರಲಿಲ್ಲ.

ಮೂರನೆಯ ಹಾಸಿನ ದಿನ ರುಕ್ಮಿಣಿ ಎಳೆಗೆ ಕೈ ಹಾಕುವಷ್ಟರಲ್ಲಿ ನಾನು ಎದ್ದು ನಿಂತೆ. ಬೀದಿಯ ಆರೇಳು ಹೆಂಗಸರು ಇದ್ದರು.

"ನಂಜಾ, ಆ ಗಿಡ ಕೊಂದೋನು ನಾನು. ಗಂಜಿ ಹೊಯ್ದೆ. ಸರಸು ಕೈಯಲ್ಲಿ ಏನೂ ತಪ್ಪಿಲ್ಲ."

ನಂಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಮ್ಕಿರೀಂಗ. ಸೊಸೆ ಮೇಲೆ ಪ್ರೀತಿ ಪಾಸ ಇದ್ರೆ ಇರ್ಲಿ, ಅದಕ್ಕೆ ಈ ವಯಸ್ನಲ್ಲಿ ಸುಳ್ಳು ಪೊಯ್ ಹೇಳ್ಬೇಕಾ? ಸೆಡಿಗೆ ಯಾರಾದ್ರೂ ಗಂಜಿ ಹೊಯ್ತಾರಾ, ಅಷ್ಟು ಬುದ್ಧಿ ಇಲ್ದೋರಾ ನೀವು?"

"ಇಂಥ ಮಾವ ಯಾರಿಗುಂಟಮ್ಮ!" ಎಂದಳು ರುಕ್ಮಿಣಿ. ಇನ್ನೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆಯನ್ನು ಕಾಪಾಡಲು ಇಲ್ಲದ ಪಾಪವನ್ನು ಹೊತ್ತ ದೊಡ್ಡ ಮನುಷ್ಯ ನಾನಾಗಿಬಿಟ್ಟೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ಜನ ಹಾಗೆ ನೋಡುತ್ತಿರುವಾಗ ನಿಂತಿರುವುದು ಎಷ್ಟು ಹಿತವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸರಸು ತಟ್ಟೆಯನ್ನು ಕೆಳಗಿಟ್ಟಳು. "ಪೊಯ್ಯಲ್ಲ ಅತ್ತೆ. ಕುಂಡ ತೊಳ್ದೋಳು ನಾನು. ಮಣ್ಣೆಲ್ಲಾ ಗಂಜಿ ಕಟ್ಟಿತ್ತು, ನಮ್ಮ ಹಾಸಿನ ವಾಸ್ನೇನೇ."

ನಂಜಮ್ಮ ಈ ಸಲ ನನ್ನನ್ನು ನೋಡಿದ ರೀತಿ ಬೇರೆ. ಆಮೇಲೆ ರುಕ್ಮಿಣಿಯ ಕೈಯಿಂದ ಎಳೆ ಬಿಡಿಸಿ, "ಬಾಮ್ಮ, ಹಿಡಿ" ಎಂದಳು. ಸರಸು ಎಳೆ ಕೂಡಿಸಿ ಬೆರಳಲ್ಲಿ ಹೊಸೆದಳು. ಎಳೆ ನಿಂತಿತು.

"ಗೊತ್ತಿದ್ದೂ ನಾಲ್ಕು ತಿಂಗಳು ಯಾಕಮ್ಮ ಹೇಳಲಿಲ್ಲ?" ಎಂದು ಸಂಜೆ ಕೇಳಿದೆ.

"ನೀವು ಹೇಳ್ತೀರಿ ಅಂತ ಇದ್ದೆ ಮಾವ."

ತಪ್ಪನ್ನು ತಾನಾಗಿ ಒಪ್ಪಿಕೊಂಡ ಮನುಷ್ಯ ಎಂದು ಈಗ ಬೀದಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಸರಸು ಬಾಯಿ ಬಿಡದಿದ್ದರೆ ನಾನು ಆ ಹೊಗಳಿಕೆಯನ್ನೇ ಉಟ್ಟುಕೊಂಡು ಮನೆಯೊಳಗೆ ಹೋಗುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಅದನ್ನೂ ಮುಚ್ಚಿಡಬಾರದೆಂದು ಇಲ್ಲಿ ಬಿಚ್ಚಿ ಬರೆದಿದ್ದೇನೆ. ಬರೆದ ಹಾಳೆಗಳನ್ನು ಜಗುಲಿಯ ಮೇಲೆ ಎಲ್ಲರಿಗೂ ಕಾಣುವಂತೆಯೇ ಇಟ್ಟಿದ್ದೇನೆ. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದ ದೆಸೆಯಿಂದ, ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಓದಬಲ್ಲವನು ನಾನೊಬ್ಬನೇ.