ಒಂದು ಪದಬಂಧ, ಮೂರು ಕಾವಲು

ಮೇಷ್ಟ್ರು ಬೆಳಿಗ್ಗೆ ಕಂಪ್ಯೂಟರ್ ಹಾಕಿದ್ದು ಒಂದೇ ಒಂದು ಕೆಲಸಕ್ಕೆ. ಮುಗಿಸಿಟ್ಟಿದ್ದ ಭಾನುವಾರದ ಪದಬಂಧವನ್ನು ಪತ್ರಿಕೆಗೆ ಮೇಲ್ ಮಾಡಿ ಸ್ನಾನಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಿಂದ ಕೆಂಪು ಡಬ್ಬಿಯೊಂದು ಮೇಲೆದ್ದು, "ನಿಮ್ಮ ಕಂಪ್ಯೂಟರಿನಲ್ಲಿ ಮೂರು ಅಪಾಯಗಳಿವೆ" ಎಂದಿತು. ಯಾವ ಅಪಾಯ ಎಂದು ಒತ್ತಿ ನೋಡಿದರೆ, ಅದನ್ನು ತಿಳಿಯಲು ದುಡ್ಡು ಕೊಡಬೇಕಂತೆ. ಅದು ಪುಕ್ಕಟೆ ಆಂಟಿವೈರಸ್. ಕಳ್ಳ ಬಂದ ಎಂದು ಕೂಗುತ್ತದೆ, ಹಿಡಿಯುವುದಿಲ್ಲ.

ಮೇಷ್ಟ್ರು ಎಂದ ಮಾತ್ರಕ್ಕೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗೋದಾಮಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಹಳ ವರ್ಷಗಳಿಂದ ವಾರಕ್ಕೊಂದು ಪದಬಂಧ ಕಟ್ಟುತ್ತ ಬಂದದ್ದರಿಂದ ಬೀದಿಯವರು ಅವರನ್ನು ಚೌಕಳಿ ಮೇಷ್ಟ್ರು ಮಾಡಿಬಿಟ್ಟಿದ್ದರು. ಸಂಭಾವನೆ ವರ್ಷಕ್ಕೊಮ್ಮೆ ಬರುತ್ತಿತ್ತು, ಪದಬಂಧದ ಕೆಳಗೆ ಹೆಸರು ಮಾತ್ರ ವಾರವಾರವೂ. ತಾನೂ ಈ ಲೋಕದಲ್ಲಿ ಒಬ್ಬ ಇದ್ದೇನೆ ಎನ್ನುವುದಕ್ಕೆ ಅವರಿಗಿದ್ದ ಸಾಕ್ಷಿ ಅದೊಂದೇ. ಮಧ್ಯಾಹ್ನ ಮೂರರೊಳಗೆ ಪದಬಂಧ ತಲುಪದಿದ್ದರೆ ಆ ಜಾಗಕ್ಕೆ ಅಂಕಿಗಳ ಆಟ ಹಾಕುತ್ತೇವೆ ಎಂದು ಪತ್ರಿಕೆಯವರು ಹಿಂದೊಮ್ಮೆ ಹೆದರಿಸಿದ್ದರು.

"ಏನ್ರೀ ಅಪಾಯ?" ಎಂದು ಹೆಂಡತಿ ಕೇಳಿದ್ದು ಮೆಟ್ಟಿಲಿಳಿಯುತ್ತಿದ್ದ ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್‌ನ ಕಿವಿಗೆ ಬಿತ್ತು. ಅವನಿಗೆ ಅಂದು ರಜೆ. ಒಳಗೆ ಬಂದವನೇ ಕುರ್ಚಿ ಹಿಡಿದ.

"ಮೇಷ್ಟ್ರೇ, ಪುಕ್ಕಟೆದು ಒಂದು ಸಾಲ್ದು ಅಂದ್ರೆ ಇನ್ನೊಂದು ಪುಕ್ಕಟೆದು ಹಾಕ್ಬೇಕು. ದುಡ್ಡು ಕೊಟ್ಟು ಮೋಸ ಹೋಗ್ಬಾರ್ದು. ನಮ್ಮನೇಲಿ ನಾಲ್ಕಿವೆ."

"ಚೆನ್ನಾಗಿ ಕೆಲಸ ಮಾಡ್ತವಾ?"

"ಕಂಪ್ಯೂಟರ್ ನಿಂತು ವರ್ಷ ಆಯ್ತು. ಆದ್ರೆ ಅವತ್ತಿಂದ ಒಂದು ವೈರಸ್ಸೂ ಬಂದಿಲ್ಲ ನೋಡಿ."

ಮೇಷ್ಟ್ರು ಬೇಡ ಎನ್ನುವಷ್ಟರಲ್ಲಿ ಎರಡನೆಯ ಆಂಟಿವೈರಸ್ ಇಳಿದಾಗಿತ್ತು. ಅದು ಬಂದೊಡನೆ ಮೊದಲನೆಯದನ್ನು ವೈರಸ್ ಎಂದಿತು. ಮೊದಲನೆಯದು ಇದನ್ನೇ ವೈರಸ್ ಎಂದಿತು. ಒಂದೇ ಬೀದಿ ಕಾಯಲು ಬಂದ ಇಬ್ಬರು ಗೂರ್ಖರು ಪರಸ್ಪರ ಕೊರಳಪಟ್ಟಿ ಹಿಡಿದಂತಾಯಿತು. ಕಂಪ್ಯೂಟರ್ ಬುಸುಗುಟ್ಟಿ ನಿಂತಿತು.

ಹೆಂಡತಿ ತಮ್ಮನಿಗೆ ಫೋನ್ ಮಾಡಿದರು. ಅವನು ವಿಮೆ ಏಜೆಂಟ್. ಅಪಾಯ ಎಂಬ ಮಾತು ಕಿವಿಗೆ ಬಿದ್ದರೆ ಊಟ ಬಿಟ್ಟು ಓಡಿಬರುವವನು. ಅಂದೂ ಹಾಗೇ ಓಡಿಬಂದ.

"ಭಾವ, ಪುಕ್ಕಟೆ ಕೊಡೋನು ಸುಮ್ನೆ ಕೊಡ್ತಾನಾ? ದುಡ್ಡು ಬಿಚ್ಚಿದ್ರೇ ಭದ್ರತೆ."

"ದುಡ್ಡು ತಗೊಳ್ಳೋನು ಮೊದಲು ಭಯ ಮಾರ್ತಾನೆ ಸ್ವಾಮಿ," ಎಂದ ಮೆಕ್ಯಾನಿಕ್.

"ನಿಮ್ಮ ಲಿಫ್ಟ್ ಪುಕ್ಕಟೆ ರಿಪೇರಿ ಮಾಡ್ತೀರಾ?"

"ನಿಮ್ಮ ವಿಮೆ ಬದುಕಿದ್ದಾಗ ಯಾರಿಗಾದ್ರೂ ಸಿಕ್ಕಿದ್ಯಾ?"

"ನಂಗೆ ಒಂದೇ ಒಂದು ಮೇಲ್ ಕಳಿಸ್ಬೇಕಿತ್ತು..." ಎಂದರು ಮೇಷ್ಟ್ರು.

"ರೀ, ಅವ್ರು ಮಾತಾಡ್ತಿದಾರಲ್ಲ, ಸ್ವಲ್ಪ ಸುಮ್ನಿರಿ," ಎಂದರು ಹೆಂಡತಿ.

ಗೆದ್ದವನು ಭಾವಮೈದುನ. ನಿಂತಿದ್ದ ಕಂಪ್ಯೂಟರನ್ನು ಮತ್ತೆ ಹಾಕಿ, ತನ್ನದೇ ಕಾರ್ಡು, ತನ್ನದೇ ಫೋನ್ ನಂಬರು ಕೊಟ್ಟು ದುಡ್ಡಿನ ಆಂಟಿವೈರಸ್ ತರಿಸಿದ. ಅದು ಹಳೆಯ ಎರಡನ್ನೂ ಕತ್ತು ಹಿಡಿದು ಆಚೆ ನೂಕಿತು. "ನೋಡಿದ್ರಾ ಗತ್ತು!" ಎಂದು ಮೀಸೆ ತಿರುವಿಕೊಂಡು ಅವನು ಯಾರದೋ ಪಾಲಿಸಿ ಮಾಡಿಸಲು ಹೊರಟುಹೋದ. ಮೆಕ್ಯಾನಿಕ್ ಮುನಿಸಿಕೊಂಡು ಮೇಲೆ ಹತ್ತಿದ.

ದುಡ್ಡಿನ ಆಂಟಿವೈರಸ್ ಮನೆಯೆಲ್ಲ ಜಾಲಾಡುವಂತೆ ಕಂಪ್ಯೂಟರನ್ನು ಜಾಲಾಡಿತು, ಅಲ್ಲಿಯವರೆಗೆ ಬೇರೇನನ್ನೂ ಮುಟ್ಟಗೊಡಲಿಲ್ಲ. ಊಟದ ಹೊತ್ತು ಮೀರಿತು. ಕೊನೆಗೆ ಒಬ್ಬ ಅಪರಾಧಿಯನ್ನು ಹಿಡಿದೇಬಿಟ್ಟಿತು. ಅದು ಮೇಷ್ಟ್ರು ಪದಬಂಧ ಕಟ್ಟುವ ತಂತ್ರಾಂಶ. ಯಾವ ಕಾಲದಲ್ಲೋ ಗೆಳೆಯನೊಬ್ಬ ಮಾಡಿಕೊಟ್ಟದ್ದು, ಅದಕ್ಕೆ ಯಾವ ಕಂಪನಿಯ ಗುರುತೂ ಇರಲಿಲ್ಲ. ಒಳಗಿದ್ದ ಪದಬಂಧಗಳ ಸಮೇತ ಅದನ್ನು ಕೂಡಿಹಾಕಿ ಬೀಗ ಜಡಿಯಿತು. ಬಿಡಿಸಬೇಕಾದರೆ ದುಡ್ಡು ಕೊಟ್ಟವರ ಫೋನಿಗೆ ಬರುವ ಅಂಕಿ ಹೇಳಬೇಕು. ಭಾವಮೈದುನನ ಫೋನು ಸ್ವಿಚ್ ಆಫ್ ಆಗಿತ್ತು.

"ಎಷ್ಟಾದ್ರೂ ದುಡ್ಡು ಕೊಟ್ಟಿದ್ದು. ಹೇಗೆ ಹಿಡೀತು ನೋಡಿ!" ಎಂದರು ಹೆಂಡತಿ. ಮೇಷ್ಟ್ರಿಗೆ ಅಳು ಬಂತು.

ಬಿಳಿ ಹಾಳೆ, ಸ್ಕೇಲು, ಪೆನ್ಸಿಲ್ ತೆಗೆದುಕೊಂಡು ನೆನಪಿನಿಂದಲೇ ಚೌಕಗಳನ್ನು ಎಳೆದರು. ನೆನಪಾಗದ ಕಡೆ ಹೊಸ ಸುಳಿವು ಕಟ್ಟಿದರು. ಸ್ನಾನವಿಲ್ಲ, ಊಟವಿಲ್ಲ. ಹಾಳೆಯನ್ನು ಎದೆಗೊತ್ತಿಕೊಂಡು ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತಾಡಿ, ಮೂರಕ್ಕೆ ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಪತ್ರಿಕೆಯ ಕಚೇರಿ ಮುಟ್ಟಿದರು.

ಭಾನುವಾರದ ಪುಟ ನೋಡಿಕೊಳ್ಳುವ ಹುಡುಗಿ ಎದ್ದು ನಿಂತಳು. "ಹುಷಾರಾದ್ರಾ ಸಾರ್? ಎರಡು ತಿಂಗಳಿಂದ ನಿಮ್ದೇನೂ ಬಂದಿಲ್ಲ. ಮೈ ಸರಿಯಿಲ್ಲ ಅಂದ್ಕೊಂಡ್ವಿ."

"ವಾರವಾರ ಕಳಿಸಿದೀನಲ್ಲಮ್ಮ!"

ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು. ಎಲ್ಲವೂ ಕಸದ ಡಬ್ಬಿಯಲ್ಲಿದ್ದವು. ಮೇಷ್ಟ್ರ ಒಂದೊಂದು ಮೇಲ್‌ನ ಅಡಿಯಲ್ಲೂ ಅವರ ಪುಕ್ಕಟೆ ಆಂಟಿವೈರಸ್ ತನ್ನ ಜಾಹೀರಾತು ಅಂಟಿಸಿ ಕಳಿಸಿತ್ತು. ಕಚೇರಿಗೆ ಹೊಸದಾಗಿ ತಂದಿದ್ದ ದುಡ್ಡಿನ ಆಂಟಿವೈರಸ್ ಅದನ್ನು ಕಂಡು ಎಲ್ಲವನ್ನೂ ಎತ್ತಿ ಬಿಸಾಕಿತ್ತು.

"ಮತ್ತೆ ಭಾನುವಾರ ನನ್ನ ಹೆಸರು ಬರ್ತಾ ಇದೆಯಲ್ಲ?"

"ನಿಮ್ಮ ಹಳೇವನ್ನೇ ಹಾಕ್ತಾ ಇದೀವಿ ಸಾರ್. ಒಬ್ರೂ ಫೋನ್ ಮಾಡಿ ಕೇಳ್ಲಿಲ್ಲ. ನೀವೂ ಗಮನಿಸ್ಲಿಲ್ವಾ?"

ಪತ್ರಿಕೆ ಬಂದರೆ ಮೇಷ್ಟ್ರು ನೋಡುತ್ತಿದ್ದದ್ದು ಹೆಸರೊಂದನ್ನೇ.

"ಅಂಕಿ ಆಟ ಹಾಕೋಣ ಅಂತಿದ್ವಿ, ಅದಕ್ಕೂ ದುಡ್ಡು ಕೊಡ್ಬೇಕಂತೆ," ಎಂದು ಹುಡುಗಿ ಸಂಕೋಚದಿಂದ ದನಿ ತಗ್ಗಿಸಿದಳು. "ಹಳೇವಾದ್ರೆ ಪುಕ್ಕಟೆ. ಇನ್ಮೇಲೆ ಅದೇ ಸಾಕು ಅಂತ ಸಂಪಾದಕ್ರು ಹೇಳಿದಾರೆ. ನೀವಿನ್ನು ಆರಾಮಾಗಿರಿ ಸಾರ್."

ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಮೇಷ್ಟ್ರು ಕೆಳಗಿಳಿದರು. ತಮ್ಮ ಜಾಗ ಕಸಿದುಕೊಂಡವರು ಯಾರಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಕಸಿದುಕೊಂಡವರು ತಾವೇ. ಗೇಟಿನವನು ಕಳೆದ ಭಾನುವಾರದ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಪೆನ್ನು ಕಚ್ಚುತ್ತ ಕೂತಿದ್ದ.

"ಸಾರ್, ಓದಿದೋರ ಥರ ಕಾಣ್ತೀರಿ. ಮೇಲಿಂದ ಕೆಳಕ್ಕೆ ಏಳನೇದು, ಇದೊಂದು ಹೇಳ್ತೀರಾ? ಬೆಳಿಗ್ಗೆಯಿಂದ ತಲೆ ಕೆರ್ಕೊಳ್ತಾ ಇದೀನಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಸುಳಿವು ಅವರದೇ, ಕೆಳಗಿದ್ದ ಹೆಸರೂ ಅವರದೇ. ಎಷ್ಟು ಹೊತ್ತು ನಿಂತರೂ ಉತ್ತರ ಮಾತ್ರ ಹೊಳೆಯಲಿಲ್ಲ.

"ಬಿಡಿ ಸಾರ್," ಎಂದು ಗೇಟಿನವನು ಸಮಾಧಾನ ಹೇಳಿದ. "ಇದನ್ನ ಮಾಡ್ದೋನಿಗೇ ಗೊತ್ತಿರಲ್ಲ."

"ಹೌದಪ್ಪ, ಅವನಿಗೂ ಗೊತ್ತಿಲ್ಲ," ಎಂದು ಮೇಷ್ಟ್ರು ಬಸ್‌ಸ್ಟಾಪಿನ ಕಡೆ ನಡೆದರು.