ಮಾವನ ಕೊನೆಯ ತುತ್ತು

ನಮ್ಮ ಮಾವನಷ್ಟು ಶ್ರದ್ಧೆಯಿಂದ ಬಿ.ಬಿ.ಎಂ. ಓದಿದವರು ಪಾಂಡವಪುರ ತಾಲ್ಲೂಕಿನಲ್ಲೇ ಇಲ್ಲ. ಅವನು ಕಾಲೇಜಿಗೆ ಸೇರಿಯೇ ಇರಲಿಲ್ಲ ಎಂಬುದು ಬೇರೆ ಮಾತು! ಸೇರಿದ್ದವಳು ನಾನು.

ತೊಂಬತ್ತರ ದಶಕ. ಕ್ಯಾತನಹಳ್ಳಿಯಿಂದ ಮಗಳೊಬ್ಬಳನ್ನೇ ಬಸ್ಸು ಹತ್ತಿಸಲು ಅಪ್ಪ ಒಪ್ಪಲಿಲ್ಲ. ನಮ್ಮ ಮನೆಯಲ್ಲೇ ಇದ್ದ ಅಮ್ಮನ ತಮ್ಮ, "ನಾನ್ ಜೊತೇಲಿ ಓಯ್ತೀನಿ ಬುಡು ಭಾವ" ಎಂದ. ಬಿಟ್ಟು ಬರುತ್ತಾನೆ ಎಂದುಕೊಂಡೆವು. ಈ ಮಹಾಶಯ ತರಗತಿಯ ಕಿಟಕಿಯಾಚೆ ಕೂತೇ ಬಿಟ್ಟ! ಮೇಷ್ಟ್ರ ಒಂದೊಂದು ಮಾತಿಗೂ ಹೊರಗಿನಿಂದ "ಊಂ... ಊಂ..." ಕಡೆಗೆ ಮೇಷ್ಟ್ರೇ ಸೋತು, "ಒಳಗೇ ಬನ್ನಿ ಯಜಮಾನ್ರೇ" ಎಂದರು. ಬಂದ, ಟವೆಲ್ಲು ಕೊಡವಿ ಹಿಂದಿನ ಬೆಂಚಿನ ಮೇಲೆ ಹಾಸಿ ಕೂತ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಮಾವ, ದಮ್ಮಯ್ಯ, ಕ್ಲಾಸಲ್ಲಿ ಬಾಯ್ ಬುಡ್ಬ್ಯಾಡ. ಎಲ್ರೂ ನಗ್ತಾರೆ."

"ನಗೋರ್ಗೆಲ್ಲಾ ಪಾಠ ಅರ್ಥ ಆಗದಾ ಇಲ್ವಾ, ಕೇಳ್ನೋಡವ್ವ!"

ಓದಿದ್ದನ್ನು ತಲೆಯಲ್ಲೇ ಇಟ್ಟುಕೊಳ್ಳಬಾರದೇ? ಮ್ಯಾನೇಜ್‌ಮೆಂಟಿನಲ್ಲಿ ಕೆಲಸ ಹಂಚಿಕೆಯ ಪಾಠವಾದ ದಿನ ಅಮ್ಮನನ್ನು ಹಾಲು ಕರೆಯುವುದರಿಂದ ತೆಗೆದು ಅಪ್ಪನನ್ನು ನೇಮಿಸಿದ. ಎಮ್ಮೆ ಝಾಡಿಸಿ ಒದೆಯಿತು. ಅಪ್ಪ ಸೊಂಟ ಹಿಡಿದು ನರಳುತ್ತಿದ್ದರೆ ಇವನು, "ಎಮ್ಮೇನ ಯಾರೋ ಯೂನಿಯನ್‌ಗೆ ಸೇರ್ಸ್‌ಬುಟ್ಟವ್ರೆ ಭಾವ" ಎಂದ!

ಅದಕ್ಕಿಂತ ದೊಡ್ಡ ಕಾಟ ಮೀಟಿಂಗಿನದು. ತೀರ್ಮಾನವಾಗದೆ ಮೀಟಿಂಗಿನಿಂದ ಏಳಬಾರದು ಎಂದು ಅವನಿಗೆ ತರಗತಿಯಲ್ಲಿ ಅರ್ಥವಾಗಿತ್ತು. ಸಾಲಿನಲ್ಲಿ ಕೊನೆಯವರು ಉಂಡು ಮುಗಿಸದೆ ಯಾರೂ ಏಳಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಎರಡನ್ನೂ ಸೇರಿಸಿಬಿಟ್ಟ! ತಟ್ಟೆಯಲ್ಲಿ ಮುದ್ದೆಯ ಕೊನೆಯ ತುತ್ತು ಉಳಿಸಿಕೊಂಡು, "ಈಗ ಮೀಟಿಂಗು" ಎನ್ನುತ್ತಿದ್ದ. ಎಂಜಲು ಕೈ ಹಿಡಿದುಕೊಂಡು ಮನೆಯವರೆಲ್ಲ ಅವನ ಕೈದಿಗಳು!

ಎರಡನೇ ವರ್ಷ ನಾಗಮಂಗಲದಿಂದ ಗಂಡಿನ ಕಡೆಯವರು ಬಂದು ನೋಡಿ ಹೋದರು. ಓದು ಇಲ್ಲಿಗೆ ಸಾಕು ಎಂದು ಅಪ್ಪ ಊಟದ ಹೊತ್ತಿಗೆ ಹೇಳಿಯೇ ಬಿಟ್ಟರು. ನಾನು ಮಾವನ ಕಡೆ ನೋಡಿದೆ. ಮಾವ ಕೊನೆಯ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿದ.

"ಕೈ ಒಣಗ್ತಾ ಅದೆ ಕಣ್ಲಾ, ಉಂಡು ಮುಗ್ಸು!" ಅಪ್ಪ ಗದರಿದರು.

"ತೀರ್ಮಾನ ಆಗ್ನಿಲ್ವಲ್ಲ ಭಾವ."

"ಮದ್ವೆ. ಅದೇ ತೀರ್ಮಾನ!"

"ಅಂಗಾರೆ ನಾನು ಉಣ್ಣಕ್ಕಿಲ್ಲ."

ಸಾರು ಆರಿತು. ಬೆರಳಿಗೆ ಮುದ್ದೆ ಮೆತ್ತಿ ಒಣಗಿತು. ಹೊರಗೆ ಕರು ಅರಚಿಕೊಂಡಿತು. ಕಡೆಗೆ ಅಪ್ಪ, "ಓದ್ಕಳ್ಳಿ, ಆಳಾಗೋಗ್ಲಿ! ನುಂಗ್ಲಾ ಅದ್ನ!" ಎಂದು ಕೂಗಿದರು. ಮಾವ ನಿಧಾನವಾಗಿ ನುಂಗಿದ. ನಾನು ಪದವಿ ಮುಗಿಸಿದೆ.

ಹೋದ ತಿಂಗಳು ಮಾವ ಹೇಳದೆ ಕೇಳದೆ ಹೊರಟುಹೋದ. ತಿಥಿಯ ದಿನ ಅವನ ಫೋಟೋದ ಮುಂದೆ ತುಂಬಿದ ಎಡೆ ಇಟ್ಟು ನಾವೆಲ್ಲ ಸಾಲಾಗಿ ಕೂತು ಉಂಡೆವು. ಉಂಡಾದ ಮೇಲೂ ಒಬ್ಬರೂ ಏಳಲಿಲ್ಲ. ನನಗೆ ಸಿಟ್ಟು ಉಕ್ಕಿತು. ಹೀಗೆ ಎಲ್ಲರನ್ನೂ ಕೂರಿಸಿ ತಾನೊಬ್ಬನೇ ಎದ್ದು ಹೋಗುವುದೆಂದರೇನು? ಎಂಥ ನ್ಯಾಯ ಇದು! "ಏಳಿ" ಎನ್ನಲು ಬಾಯಿ ತೆರೆದೆ.

ಅಪ್ಪ ಎಡೆಯನ್ನೇ ನೋಡುತ್ತಿದ್ದರು. "ಇರವ್ವ" ಎಂದರು. "ಅವ್ನಿನ್ನೂ ಉಂಡಿಲ್ಲ."

ನಮ್ಮ ಕೈ ಒಣಗುತ್ತಿತ್ತು.